ಇಲಿಮನೆ ಬಳಿಯುವವರು ಯಾರು?

ಕಳಂಬೋಲಿ ಎಂದರೆ ಮುಂಬಯಿಯ ಕಡೆಯವರಿಗೆ ಎರಡು ಸಂಗತಿ ನೆನಪಾಗುತ್ತವೆ. ಒಂದು, ಪುಣೆಗೆ ಹೋಗುವ ಎಕ್ಸ್‌ಪ್ರೆಸ್‌ವೇ ಇಲ್ಲಿಂದ ಶುರುವಾಗುತ್ತದೆ. ಇನ್ನೊಂದು ಇಲ್ಲಿನ ಲೋಖಂಡ್ ಬಜಾರ್, ಅಂದರೆ ಕಬ್ಬಿಣದ ಮಾರುಕಟ್ಟೆ. ಸಿಡ್ಕೋದವರು ಗೆರೆ ಎಳೆದು ಕಟ್ಟಿದ ಸೆಕ್ಟರುಗಳ ಪಕ್ಕದಲ್ಲೇ ತಗಡು, ಪೈಪು, ಸರಳುಗಳ ರಾಶಿ. ಹಗಲಿರುಳು ಟ್ರಕ್ಕುಗಳ ಓಡಾಟ. ಗೇಟು, ಗ್ರಿಲ್ಲು, ನೀರಿನ ಟ್ಯಾಂಕಿಗೆ ಸ್ಟ್ಯಾಂಡು, ಏನು ಬೇಕಾದರೂ ಇಲ್ಲಿ ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು. ನಾನು ಮಾಡಿಸಿದ್ದು ಎರಡು ಇಲಿಗಳಿಗೆ ಮನೆ.

ಇಲಿಗಳು ನಾವು ಹುಡುಕಿಕೊಂಡು ಹೋಗಿ ತಂದವಲ್ಲ. ಐರೋಲಿಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರಿಗೆ ಸಿಂಗಾಪುರಕ್ಕೆ ವರ್ಗವಾಯಿತು. ಅವರ ಮನೆಯಲ್ಲಿ ಆರು ತಿಂಗಳ ಎರಡು ಗಂಡು ಇಲಿಗಳಿದ್ದವು. ಹನ್ನೊಂದು ವರ್ಷದ ನನ್ನ ಮಗಳು ಒಮ್ಮೆ ಅವರ ಮನೆಗೆ ಹೋಗಿ ಆಡಿಸಿ ಬಂದಿದ್ದಳು. ‘ಇವನ್ನು ಯಾರೂ ಒಯ್ಯದಿದ್ದರೆ ಪೆಟ್ ಶಾಪಿಗೆ ಕೊಡುತ್ತೇನೆ’ ಎಂದು ಅವರು ಹೇಳಿದರು. ಇಂಥ ಅಂಗಡಿಗಳಲ್ಲಿ ಬಿಳಿ ಇಲಿಗಳನ್ನು ಕೊಳ್ಳುವವರಲ್ಲಿ ಹಾವು ಸಾಕುವವರೂ ಇರುತ್ತಾರೆ ಎಂಬುದು ಮಗಳಿಗೆ ಗೊತ್ತಿತ್ತು. ಆಮೇಲೆ ನಮ್ಮ ಒನ್ ಬಿಎಚ್‌ಕೆಯಲ್ಲಿ ಚರ್ಚೆಗೆ ಜಾಗವೇ ಉಳಿಯಲಿಲ್ಲ. ಬೂದು ಬಣ್ಣದ್ದೊಂದು, ಹಾಲುಬಿಳುಪಿನದೊಂದು, ಒಂದು ಪುಟ್ಟ ಪಂಜರದ ಸಮೇತ ಮನೆಗೆ ಬಂದವು.

ಅದೇ ತಿಂಗಳು ಅವ್ವನೂ ಬಂದಳು. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಇಂಡಿ ತಾಲೂಕಿನ ನಮ್ಮೂರಿನಲ್ಲಿ ಅಷ್ಟು ದೊಡ್ಡ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಮೊಣಕಾಲು ನೋವು ಹೆಚ್ಚಾದ ಮೇಲೆ ‘ಬರ್ತೀನಿ, ಆದರ ಸೇರಿಕಿ ಆಗಲಿಲ್ಲಂದ್ರ ಹೊಳ್ಳಿ ಹೋಗ್ತೀನಿ’ ಎಂದು ಮೊದಲೇ ಹೇಳಿ ಬಂದವಳು. ಒಂದು ಟ್ರಂಕು, ಎರಡು ಕೌದಿ, ಜೋಳದ ಒಂದು ಚೀಲ ಅವಳ ಸಾಮಾನು. ಹಾಲ್‌ಗೆ ಕಾಲಿಟ್ಟವಳು ಮೂಲೆಯ ಪಂಜರವನ್ನು ನೋಡಿ, ನನ್ನ ಮುಖ ನೋಡಿ, ‘ಇಲಿ ಮನ್ಯಾಗ ಬಂದ್ರ ಮಂದಿ ಬೋನ ಇಡ್ತಾರ. ನೀವು ಇಲಿಗೇ ಮನಿ ಮಾಡಿ ಕೊಟ್ಟೀರಲ್ಲೋ!’ ಎಂದಳು.

ಅವಳ ಮಾತಿನಲ್ಲಿ ತಮಾಷೆಗಿಂತ ಭಯ ಹೆಚ್ಚಿತ್ತು. ಅವಳಿಗೆ ಅವಳ ಅಜ್ಜಿ ಹೇಳಿದ ಪ್ಲೇಗಿನ ಕತೆಗಳು ಬಾಯಿಪಾಠ. ಜಂತಿಯಿಂದ ಇಲಿ ಸತ್ತು ಬಿದ್ದರೆ ಅದೇ ಸೂಚನೆ. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕೂರುತ್ತಿತ್ತಂತೆ. ಇದು ಬರೀ ಅಜ್ಜಿಕತೆಯಲ್ಲ. 1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಳಿ ಹಿಡಿದು ನಮ್ಮ ಕಡೆಗೂ ಬಂತು. 1898ರಲ್ಲಿ ಬೆಂಗಳೂರಿಗೂ ಮುಟ್ಟಿತು. ಇಲಿಯ ಮೈಮೇಲಿನ ಚಿಗಟ ರೋಗವನ್ನು ದಾಟಿಸುತ್ತದೆ ಎಂದು ಪೌಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲಿ. ಆ ಹೊತ್ತಿಗೆ ಹಾಫ್‌ಕಿನ್ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡಿದ್ದ. ಪರೇಲಿನ ಹಾಫ್‌ಕಿನ್ ಸಂಸ್ಥೆ ಇಂದಿಗೂ ಅವನ ಹೆಸರಿನಲ್ಲಿದೆ.

ನನಗೆ ಆ ಚರಿತ್ರೆಯಲ್ಲಿ ಕುತೂಹಲ ಹುಟ್ಟಿಸಿದ್ದು ಮನೆಗಳ ವಿಷಯ. ಪ್ಲೇಗಿನ ನಂತರ ಮುಂಬಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿ, ಇಕ್ಕಟ್ಟಿನ ಓಣಿಗಳನ್ನು ಒಡೆದು ಗಾಳಿ ಬೆಳಕಿಗೆ ದಾರಿ ಮಾಡಿತು. ಬೆಂಗಳೂರಿನ ಜನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರದಂಥ ಅಗಲ ರಸ್ತೆಯ ಬಡಾವಣೆಗಳಿಗೆ ಹೋದರು. ನಾವು ಮನೆ ಕಟ್ಟುವ ರೀತಿಯನ್ನೇ ಇಲಿ ಒಮ್ಮೆ ಬದಲಿಸಿದೆ. ಈಗ ಇಲಿಗೆ ಮನೆ ಕಟ್ಟುವ ಸರದಿ ನನ್ನದಾಗಿತ್ತು.

ಕಟ್ಟಬೇಕಾದ ಕಾರಣ ಮೂರನೇ ದಿನವೇ ಗೊತ್ತಾಯಿತು. ಬಂದ ಪಂಜರದ ತಳ ಆಳವಾದ ಪ್ಲಾಸ್ಟಿಕ್ ತೊಟ್ಟಿ, ಬಾಗಿಲು ಅಂಗೈಯಗಲ. ಅದನ್ನು ತೊಳೆಯಬೇಕೆಂದರೆ ಇಲಿಗಳನ್ನು ಹೊರಗೆ ತೆಗೆದು, ಎಂಟು ಕ್ಲಿಪ್ ಬಿಚ್ಚಿ, ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಉಜ್ಜಬೇಕು. ಒಳಗಿದ್ದ ಹಲಗೆಯ ಮೆಟ್ಟಿಲುಗಳು ಮೂತ್ರ ಕುಡಿದು ನಾರುತ್ತಿದ್ದವು. ನಾನು ಒಂದು ರಾತ್ರಿ ಲ್ಯಾಪ್‌ಟಾಪ್ ತೆರೆದು ಹೊಸ ಮನೆಯ ನಕ್ಷೆ ಬರೆಯುತ್ತ ಕೂತಿದ್ದೆ. ಎಷ್ಟು ಮಹಡಿ, ಎಲ್ಲಿ ಏಣಿ, ಎಲ್ಲಿ ಉಯ್ಯಾಲೆ, ಎಲ್ಲಾ ಎಕ್ಸೆಲ್ ಹಾಳೆಯಲ್ಲಿತ್ತು. ಅವ್ವ ಹಿಂದಿನಿಂದ ಬಂದು ನೋಡಿ ಒಂದೇ ಪ್ರಶ್ನೆ ಕೇಳಿದಳು.

‘ಕಟ್ಟಾವ ನೀ. ಬಳಿಯಾಕಿ ಯಾರು?’

ನಮ್ಮ ಭಾಷೆಯ ವ್ಯಾಕರಣವೇ ಹಾಗೆ. ಕಟ್ಟುವವನಿಗೆ ಒಂದು ಪ್ರತ್ಯಯ, ಬಳಿಯುವವಳಿಗೆ ಇನ್ನೊಂದು. ಅವ್ವ ಐವತ್ತು ವರ್ಷ ಒಂದು ಮಣ್ಣಿನ ಮನೆಯನ್ನು ಸಗಣಿ ಹಾಕಿ ಬಳಿದವಳು. ಆ ಮನೆ ಕಟ್ಟಿಸಿದವನು ನನ್ನ ಮುತ್ತಜ್ಜ ಎಂದು ಊರಿಗೆಲ್ಲ ಗೊತ್ತು. ಬಳಿದವರ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯ ಲೆಕ್ಕವನ್ನೂ ಅವಳು ಎರಡೇ ವಾರದಲ್ಲಿ ಹಾಕಿದ್ದಳು. ಪನವೇಲಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿರುವ ನನ್ನ ಹೆಂಡತಿ ಬೆಳಿಗ್ಗೆ ಏಳಕ್ಕೆ ಮನೆ ಬಿಡುತ್ತಾಳೆ. ನಾನು ಎಂಟಕ್ಕೆ ಬಸ್ಸು ಹಿಡಿಯುತ್ತೇನೆ. ಮಗಳು ಶಾಲೆಗೆ. ಹಗಲೆಲ್ಲ ಮನೆಯಲ್ಲಿ ಉಳಿಯುವವಳು ಅವ್ವ. ಹಾಗಾದರೆ ಬಳಿಯಾಕಿ ಯಾರು ಎಂಬುದು ಪ್ರಶ್ನೆಯಲ್ಲ, ಉತ್ತರ.

ಅಂದೇ ಮನೆಯವರೆಲ್ಲ ಕೂತು ಒಂದು ಕರಾರು ಮಾಡಿಕೊಂಡೆವು. ಇಲಿ ಬೇಕೆಂದವಳು ಮಗಳು, ಆದ್ದರಿಂದ ದಿನದ ಕೆಲಸ ಅವಳದು. ವಾರದ ಕೆಲಸ ನನ್ನದು. ಅವ್ವ ಪಂಜರ ಮುಟ್ಟುವ ಹಾಗಿಲ್ಲ. ಕಾಗದದ ಮೇಲೆ ಇಂಥ ಕರಾರು ಸುಲಭ. ಕೆಲಸ ಕಷ್ಟವಾಗಿದ್ದರೆ ಮಗು ನಾಲ್ಕು ದಿನ ಮಾಡಿ ಐದನೇ ದಿನ ಬಿಡುತ್ತದೆ. ವಾಸನೆ ತಾಳಲಾರದೆ ಮುದುಕಿ ಎದ್ದು ಹೋಗಿ ಬಳಿಯುತ್ತಾಳೆ. ಹಾಗಾಗಿ ಕರಾರನ್ನು ಕಬ್ಬಿಣದಲ್ಲೇ ಬರೆಯಬೇಕಿತ್ತು. ಹನ್ನೊಂದು ವರ್ಷದ ಹುಡುಗಿ ನಿಂತುಕೊಂಡೇ, ಶಾಲೆಗೆ ಹೊರಡುವ ಮುಂಚೆ, ಹತ್ತು ನಿಮಿಷದಲ್ಲಿ ಮುಗಿಸುವಂಥ ಮನೆ. ಮಹಡಿ, ಉಯ್ಯಾಲೆಗಳ ಹಾಳೆಯ ಪಕ್ಕದಲ್ಲಿ ಮಗಳ ಅಳತೆಯ ಹಾಳೆಯೊಂದು ಬಂತು. ಭುಜದಿಂದ ಬೆರಳ ತುದಿಗೆ 22 ಇಂಚು. ಹಾಗಾದರೆ ಪಂಜರದ ಆಳ 20 ಇಂಚು ಮೀರಬಾರದು. ಕೈ ಮುಟ್ಟದ ಮೂಲೆ ಇದ್ದರೆ ಅದು ಕೊಳೆಯುವ ಮೂಲೆ.

ಇಲ್ಲಿ ಇಲಿಗಳ ಬಗ್ಗೆ ನಾಲ್ಕು ಮಾತು. ನಮ್ಮ ಗಟಾರಗಳಲ್ಲಿ ಓಡಾಡುವ ಹೆಗ್ಗಣ ಬೇರೆ, ಇದು ಬೇರೆ. ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿರುವ ಬ್ಯಾಂಡಿಕೂಟ್ ಎಂಬ ಹೆಸರು ತೆಲುಗಿನ ‘ಪಂದಿಕೊಕ್ಕು’ವಿನಿಂದ ಹೋದದ್ದು. ಸಾಕು ಇಲಿ ಕಂದು ಇಲಿಯ ಜಾತಿಯದು, ಆದರೆ ನೂರಾರು ತಲೆಮಾರು ಮನುಷ್ಯನ ಕೈಯಲ್ಲೇ ಬೆಳೆದದ್ದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನ ಜ್ಯಾಕ್ ಬ್ಲ್ಯಾಕ್ ಎಂಬ ಇಲಿ ಹಿಡಿಯುವವನು ಬಣ್ಣಬಣ್ಣದ ಇಲಿಗಳನ್ನು ಬೇರೆ ಇಟ್ಟು ಬೆಳೆಸಿ ಮಾರುತ್ತಿದ್ದ. ಪ್ರಯೋಗಶಾಲೆಗಳ ಪ್ರಸಿದ್ಧ ವಿಸ್ಟಾರ್ ತಳಿ 1906ರಿಂದ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಳೆದದ್ದು. ಸಾಕು ಇಲಿ ಎರಡರಿಂದ ಮೂರು ವರ್ಷ ಬದುಕುತ್ತದೆ. ಒಂಟಿಯಾಗಿ ಇರಲಾರದು. ಹೆಸರು ಕರೆದರೆ ಬರುತ್ತದೆ. ಕಚಗುಳಿ ಇಟ್ಟರೆ ನಗುತ್ತದೆ, ಆದರೆ ಸುಮಾರು 50 ಕಿಲೋಹರ್ಟ್ಸಿನ ಆ ನಗು ನಮ್ಮ ಕಿವಿಗೆ ಬೀಳುವುದಿಲ್ಲ. ಇದನ್ನು ಜಾಕ್ ಪ್ಯಾಂಕ್‌ಸೆಪ್ ಎಂಬ ವಿಜ್ಞಾನಿ ವಿಶೇಷ ಮೈಕು ಇಟ್ಟು ಕಂಡುಕೊಂಡ. ಮಗಳು ಇದನ್ನು ಓದಿದಂದಿನಿಂದ ಮನೆಯಲ್ಲಿ ನಮಗೆ ಕೇಳಿಸದ ನಗು ತುಂಬಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಸ್ವಚ್ಛತೆ ಇಲಿಗೆ ಉಸಿರಿನ ಪ್ರಶ್ನೆ. ಮೂತ್ರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಅದು ಇಲಿಯ ಶ್ವಾಸನಾಳವನ್ನು ಸುಡುತ್ತದೆ. ಸಾಕು ಇಲಿಗಳಲ್ಲಿ ಬಹುಪಾಲಿಗೆ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಎದೆಯಲ್ಲಿ ಸುಮ್ಮನೆ ಕೂತಿರುತ್ತದೆ. ಶ್ವಾಸನಾಳ ಸೋತಾಗ ಅದು ಏಳುತ್ತದೆ. ಮೂಗು ಮುಟ್ಟುವ ವಾಸನೆ ಬಂತೆಂದರೆ ನಮಗಿಂತ ಮೊದಲು ಅವುಗಳಿಗೆ ತೊಂದರೆಯಾಗಿದೆ ಎಂದೇ ಅರ್ಥ. ನಮಗೂ ಅಪಾಯವಿಲ್ಲದಿಲ್ಲ. ಇಲಿಯ ಮೂತ್ರದಲ್ಲಿರುವ ಪ್ರೋಟೀನಿನಿಂದ ಕೆಲವರಿಗೆ ಅಲರ್ಜಿ ಬರುತ್ತದೆ ಎಂದು ನನ್ನ ಹೆಂಡತಿ ಎಚ್ಚರಿಸಿದಳು. ಹಾಗಾಗಿ ಮಲಗುವ ಕೋಣೆಯಲ್ಲಿ ಬೇಡ, ಅಡುಗೆಮನೆಯಲ್ಲಂತೂ ಬೇಡವೇ ಬೇಡ. ಬಾಲ್ಕನಿಯೂ ಬೇಡ ಎಂದಳು. ಮಳೆಗಾಲದಲ್ಲಿ ಅವಳ ಲ್ಯಾಬಿಗೆ ಲೆಪ್ಟೋಸ್ಪೈರೋಸಿಸ್ ಪರೀಕ್ಷೆಗೆ ರಕ್ತ ಬರುವುದು ಹೊಸತಲ್ಲ. ಆ ರೋಗ ಬೀದಿ ಇಲಿಗಳ ಮೂತ್ರದಿಂದ ಹರಡುತ್ತದೆ. ಬಾಲ್ಕನಿಗೆ ಬರುವ ಬೀದಿ ಇಲಿ ನಮ್ಮ ಇಲಿಯ ಸಮೀಪ ಸುಳಿಯಬಾರದು. ಉಳಿದದ್ದು ಹಾಲ್‌ನ ಒಳಗೋಡೆ. ಬಿಸಿಲು ಬೀಳದ, ಫ್ಯಾನಿನ ಗಾಳಿ ನೇರ ತಾಕದ ಜಾಗ.

ನಕ್ಷೆ ಹಿಡಿದು ಲೋಖಂಡ್ ಬಜಾರಿನ ಬದಿಯ ಒಂದು ವೆಲ್ಡಿಂಗ್ ಶಾಪಿಗೆ ಹೋದೆ. ಮಾಲಕರು ಅಫಜಲಪುರದ ಕಡೆಯವರು. ನನ್ನ ಮರಾಠಿಯ ಧಾಟಿ ಕೇಳಿಯೇ ಕನ್ನಡಕ್ಕೆ ಹೊರಳಿದರು.

‘ಏನ್ರಿ ಸರ, ಕೋಳಿಗೇನ್ರಿ?’

‘ಅಲ್ರಿ, ಇಲಿಗೆ.’

‘ಇಲಿಗ್ಯಾ? ಹಿಡಿಯಾಕೋ, ಸಾಕಾಕೋ?’

ಸಾಕಾಕ ಎಂದಾಗ ಅವರು ನಗಲಿಲ್ಲ. ‘ಗಣಪ್ಪನ ಗಾಡಿ ಅಲ್ರಿ, ಮಾಡೋಣು’ ಎಂದು ಟೇಪು ತೆಗೆದರು. ಅಲ್ಲಿಂದ ಮುಂದೆ ನನ್ನ ನಕ್ಷೆಗೆ ಅವರ ಕೈಯ ಬುದ್ಧಿ ಸೇರಿತು.

ಪಂಜರ 3 ಅಡಿ ಅಗಲ, 20 ಇಂಚು ಆಳ, 3 ಅಡಿ ಎತ್ತರ. ಅದು ಕೂರುವುದು 2 ಅಡಿ ಎತ್ತರದ ಸ್ಟ್ಯಾಂಡಿನ ಮೇಲೆ. ಬಗ್ಗುವಂತಿಲ್ಲ, ಕೂರುವಂತಿಲ್ಲ. ಕಾಲಿಗೆ ಗಾಲಿ, ಎರಡಕ್ಕೆ ಬ್ರೇಕು. ಎಳೆದರೆ ಹಿಂದೆ ಪೊರಕೆ ಹೋಗಬೇಕು, ಅಡಿಯಲ್ಲೂ ಹೋಗಬೇಕು. ಚೌಕಟ್ಟು ಮುಕ್ಕಾಲು ಇಂಚಿನ ಚೌಕ ಪೈಪಿನದು, ಜಾಲರಿ ಅರ್ಧ ಇಂಚಿನದು. ಇಲಿಯ ತಲೆ ಹೋದಲ್ಲಿ ಮೈಯೂ ಹೋಗುತ್ತದೆ, ಆದ್ದರಿಂದ ಅರ್ಧ ಇಂಚಿಗಿಂತ ದೊಡ್ಡ ಕಣ್ಣು ಬೇಡ. ಸತು ಲೇಪದ ಜಾಲರಿಯನ್ನು ಹಾಗೇ ಬಿಟ್ಟರೆ ಮೂತ್ರ ಅದನ್ನು ತಿನ್ನುತ್ತದೆ, ವಾಸನೆ ಹಿಡಿಯುತ್ತದೆ. ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಇಡೀ ಪಂಜರಕ್ಕೆ ಪೌಡರ್ ಕೋಟಿಂಗ್ ಮಾಡಿಸಿದೆವು. ಮುಂಭಾಗ ಪೂರ್ತಿ ಎರಡು ಕದಗಳ ಬಾಗಿಲು. ತೆರೆದರೆ ಕಪಾಟಿನ ಹಾಗೆ ಎಲ್ಲವೂ ಎದುರಿಗೆ. ಸಾದಾ ಚಿಲಕ, ಮೇಲೊಂದು ಕೆಳಗೊಂದು.

ನೆಲವೇ ಮುಖ್ಯ. ತಂತಿಯ ನೆಲ ಹಾಕಿದರೆ ಕೊಳೆ ಕೆಳಗೆ ಬೀಳುತ್ತದೆ ನಿಜ, ಆದರೆ ಇಲಿಯ ಅಂಗಾಲಿಗೆ ಹುಣ್ಣಾಗುತ್ತದೆ. ಹಾಗಾಗಿ ಗಟ್ಟಿ ತಳ, ಅದೇ ಟ್ರೇ. ಪೂರ್ತಿ ಅಗಲದ ಒಂದೇ ಟ್ರೇ ಮಾಡಿದರೆ ಐದು ಕಿಲೋ ದಾಟುತ್ತದೆ ಎಂದು ಅವರು ಅಲ್ಲೇ ಲೆಕ್ಕ ಹಾಕಿದರು. ಮಗಳು ಎತ್ತಬೇಕಾದದ್ದು ಎಂದಾಗ ‘ಹಂಗಾರ ಎಲ್ಡು ಮಾಡ್ರಿ’ ಎಂದರು. ಈಗ ಡ್ರಾಯರಿನ ಹಾಗೆ ಮುಂದಕ್ಕೆ ಬರುವ ಎರಡು ಟ್ರೇ, ಒಂದೊಂದೂ ಮೂರು ಕಿಲೋ ಒಳಗೆ, ಬಚ್ಚಲಿನ ನಲ್ಲಿಯ ಕೆಳಗೆ ಹಿಡಿಸುವಷ್ಟು. ನಡುವಿನ ಸಂದಿಯಲ್ಲಿ ಮೂತ್ರ ಇಳಿಯುತ್ತದಲ್ಲ ಎಂದೆ. ಅವರು ಒಂದು ಟ್ರೇಯ ಅಂಚನ್ನು ಇನ್ನೊಂದರ ಮೇಲೆ ಮಂಗಳೂರು ಹಂಚಿನ ಹಾಗೆ ಬರುವಂತೆ ಮಡಚಿದರು. ನನ್ನ ಎಕ್ಸೆಲ್ಲಿನಲ್ಲಿ ಆ ಮಡಿಕೆಗೆ ಕಾಲಂ ಇರಲಿಲ್ಲ.

ಟ್ರೇಗೆ 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲು. ಅದರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕೆಲ್ ಇರುತ್ತದೆ. ಉಪ್ಪು, ಹುಳಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಅಗ್ಗದ 202 ನೋಡಲು ಹಾಗೇ ಹೊಳೆಯುತ್ತದೆ. ಎರಡಕ್ಕೂ ಆಯಸ್ಕಾಂತ ಅಂಟುವುದಿಲ್ಲವಾದ್ದರಿಂದ ಆಯಸ್ಕಾಂತ ಹಿಡಿದು ಪರೀಕ್ಷಿಸುವವರು ಮೋಸ ಹೋಗುತ್ತಾರೆ. ಅವರು ತಗಡಿನ ಮೇಲೆ ಒಂದು ಹನಿ ದ್ರಾವಣ ಬಿಟ್ಟು ಬಣ್ಣ ತಿರುಗುವುದನ್ನು ತೋರಿಸಿದರು. ಟ್ರೇಯ ಮೂಲೆಗಳ ಬೆಸುಗೆಯನ್ನು ಬೆರಳು ಜಾರುವಷ್ಟು ನುಣುಪಾಗಿ ಉಜ್ಜಿ ಕೊಟ್ಟರು. ಎಲ್ಲ ಸೇರಿ 8,600 ರೂಪಾಯಿ. ಒಳಗೆ ಮರದ ಚೂರೂ ಇಲ್ಲ. ಮಹಡಿಗಳೆಂದರೆ ಕೊಕ್ಕೆಗೆ ತೂಗುಹಾಕಿದ ಅಡುಗೆಮನೆಯ ಪ್ಲಾಸ್ಟಿಕ್ ಬುಟ್ಟಿಗಳು. ಕಡಿದು ಹಾಕಿದರೆ ಹೊಸತು.

ಇಷ್ಟಾದ ಮೇಲೆ ಅವ್ವ ಪಂಜರ ಮುಟ್ಟಬಾರದೆಂಬ ಕರಾರು ಮುರಿದದ್ದು ಅವ್ವನೇ. ಇಲಿಗಳು ಮಲಗುವುದು ತೂಗುವ ಬಟ್ಟೆಯ ತೊಟ್ಟಿಲಲ್ಲಿ. ಆನ್‌ಲೈನಿನಲ್ಲಿ ಒಂದಕ್ಕೆ ಹೇಳುವ ಬೆಲೆಯನ್ನು ಮಗಳು ಓದಿದಳು. ‘ಅಷ್ಟು ರೊಕ್ಕಕ್ಕ ನಾನು ಹತ್ತು ಕೌದಿ ಹೊಲೀತೀನಿ’ ಎಂದು ಅವ್ವ ಟ್ರಂಕು ತೆಗೆದಳು. ತನ್ನ ಹಳೇ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಟೀ ಶರ್ಟು, ಎಲ್ಲ ಸೇರಿ ಒಂದು ಅಡಿಯ ಪುಟ್ಟ ಕೌದಿಗಳಾದವು. ನಾಲ್ಕು ಮೂಲೆಗೆ ಕೊಕ್ಕೆ. ಬಿಟ್ಟ ದಾರಕ್ಕೆ ಇಲಿಯ ಉಗುರು ಸಿಕ್ಕಿ ಬೆರಳು ಮುರಿಯುತ್ತದೆ ಎಂದು ಮಗಳು ಹೇಳಿದ ಮೇಲೆ ಅಂಚುಗಳನ್ನೆಲ್ಲ ಎರಡು ಸಲ ಮಡಚಿ ಹೊಲಿದಳು. ಹಾಸಿಗೆಗೆ ಪೇಪರ್ ಚೂರು ಹಾಕೋಣ ಎಂದಾಗ ಮಾತ್ರ ಒಪ್ಪಲಿಲ್ಲ. ಅಕ್ಷರ ಸರಸ್ವತಿ, ಅದರ ಮೇಲೆ ಹೇಸಿಗೆ ಮಾಡಿಸಬಾರದು. ಕನ್ನಡ ಪೇಪರಷ್ಟೇ ಅಲ್ಲ, ಯಾವ ಭಾಷೆಯದೂ ಬೇಡ. ಮರದ ಹೊಟ್ಟು ಬಿಟ್ಟಿ ಸಿಗುತ್ತಿತ್ತು, ಆದರೆ ಪೈನ್ ಮರದ ಹೊಟ್ಟಿನ ಘಾಟು ಇಲಿಯ ಉಸಿರಿಗೆ ಒಳ್ಳೆಯದಲ್ಲ. ಕೊನೆಗೆ ಪಾರ್ಸೆಲ್ ಡಬ್ಬಿಗಳ ಅಕ್ಷರವಿಲ್ಲದ ಕಂದು ರಟ್ಟನ್ನು ಕತ್ತರಿಸಿ ಹಾಕುವುದಾಯಿತು. ನಾವು ಆನ್‌ಲೈನಿನಲ್ಲಿ ಎಷ್ಟು ಕೊಳ್ಳುತ್ತೇವೆ ಎಂಬುದು ಆಗಲೇ ಗೊತ್ತಾದದ್ದು.

ಹೆಸರಿಟ್ಟವಳೂ ಅವಳೇ. ಮೊದಲಿನ ಇಂಗ್ಲಿಷ್ ಹೆಸರುಗಳು ಅವಳ ನಾಲಿಗೆಗೆ ತಿರುಗಲಿಲ್ಲ. ಬೂದು ಬಣ್ಣದ್ದು ಸಜ್ಜಿ, ಬಿಳಿಯದು ಜ್ವಾಳ.

ಕೆಲಸದ ಪಟ್ಟಿ ಹೀಗೆ ನಿಂತಿತು. ಬೆಳಿಗ್ಗೆ ಮಗಳು ಮೂಲೆಯ ಕಕ್ಕಸಿನ ಡಬ್ಬಿ ಖಾಲಿ ಮಾಡುತ್ತಾಳೆ. ಹಿಕ್ಕೆಯನ್ನು ಒಂದೇ ಕಡೆ ಹಾಕಲು ಇಲಿ ಕಲಿಯುತ್ತದೆ. ಮೂತ್ರದ ಶಿಸ್ತು ಪೂರ್ತಿ ಬರುವುದಿಲ್ಲ, ಆದರೆ ಡಬ್ಬಿಯಲ್ಲಿ ಒಂದು ನುಣುಪು ಕಲ್ಲಿಟ್ಟರೆ ಅದರ ಮೇಲೇ ಹೆಚ್ಚು ಹೊಯ್ಯುತ್ತವೆ. ಆಮೇಲೆ ಬುಟ್ಟಿಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ನೀರಿನ ಬಾಟಲಿ ತೊಳೆಯುವುದು. ಗಡಿಯಾರ ಇಟ್ಟು ನೋಡಿದರೆ ಎಂಟು ನಿಮಿಷ. ಭಾನುವಾರ ನಾನು ಟ್ರೇಗಳನ್ನು ತೊಳೆಯುತ್ತೇನೆ. ಅಂಟಿದ ಬಿಳಿ ಕರೆಗೆ ವಿನೆಗರ್ ಬೆರೆಸಿದ ನೀರು ಸಾಕು. ಬ್ಲೀಚ್ ಕೂಡದು. ಮೂತ್ರದ ಅಮೋನಿಯಾಕ್ಕೆ ಅದು ಸೇರಿದರೆ ವಿಷಗಾಳಿ ಏಳುತ್ತದೆ. ಫಿನಾಯಿಲನ್ನೂ ದೂರವಿಟ್ಟೆವು. ಮೇ ತಿಂಗಳ ಸೆಕೆಗೆ ಪ್ರತ್ಯೇಕ ವ್ಯವಸ್ಥೆ. ಇಲಿ ಬೆವರುವುದಿಲ್ಲ, ಬಾಲದ ಮೂಲಕವೇ ಹೆಚ್ಚಿನ ಕಾವು ಬಿಡುತ್ತದೆ. ಆದ್ದರಿಂದ ಟ್ರೇಯಲ್ಲಿ ಒಂದು ಟೈಲ್ಸ್ ತುಂಡು, ಬಟ್ಟೆ ಸುತ್ತಿದ ಐಸಿನ ಬಾಟಲಿ.

ಇನ್ನೊಂದು ನಿಯಮ ಇದೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಎಲ್ಲವನ್ನೂ ಒಂದೇ ದಿನ ತೊಳೆಯಬಾರದು. ತನ್ನ ವಾಸನೆ ಒಂದಿಷ್ಟೂ ಉಳಿಯದ ಮನೆಯನ್ನು ಇಲಿ ತನ್ನದೆಂದು ಒಪ್ಪುವುದಿಲ್ಲ. ಗಾಬರಿಯಾಗಿ ಎಲ್ಲೆಡೆ ಮತ್ತೆ ಹೊಯ್ದು ಗುರುತು ಹಾಕುತ್ತದೆ. ಅತಿಯಾಗಿ ತೊಳೆದ ಮನೆ ಬೇಗ ನಾರುತ್ತದೆ. ಆದ್ದರಿಂದ ಕೌದಿಗಳಲ್ಲಿ ಒಂದನ್ನು ಪ್ರತಿ ವಾರ ತೊಳೆಯದೆ ಬಿಡುತ್ತೇವೆ. ಇದನ್ನು ಅವ್ವನಿಗೆ ವಿವರಿಸಿದಾಗ ‘ಅದಕ್ಕೇನು ಓದಬೇಕಾ?’ ಎಂದಳು. ಬಂದ ಹೊಸದರಲ್ಲಿ ನನ್ನ ಹೆಂಡತಿ ಅವಳ ಎರಡೂ ಕೌದಿಗಳನ್ನು ಮಷೀನಿಗೆ ಹಾಕೋಣವೇ ಅತ್ತಿ ಎಂದು ಕೇಳಿದ್ದಳು. ಒಂದನ್ನು ಕೊಟ್ಟು ಇನ್ನೊಂದನ್ನು ಅವ್ವ ಟ್ರಂಕಿನೊಳಗೇ ಇಟ್ಟುಕೊಂಡಿದ್ದಳು. ಈವರೆಗೂ ಆ ಕೌದಿ ಹೊರಗೆ ಬಂದಿಲ್ಲ. ನಾವೂ ಕೇಳಿಲ್ಲ.

ಸೊಸೈಟಿಯ ಇಬ್ಬರು ಕಮಿಟಿಯವರು ‘ಮನೆಯಲ್ಲಿ ಉಂದೀರ್ ಇಟ್ಟಿದ್ದೀರಂತೆ’ ಎಂದು ಒಂದು ಸಂಜೆ ಬಂದರು. ಅವ್ವನೇ ಬಾಗಿಲು ತೆರೆದು, ತನಗೆ ಬರುವ ನಾಲ್ಕು ಮರಾಠಿ ಮಾತಿನಲ್ಲಿ ಕೂರಿಸಿ, ಚಹಾ ಕೊಟ್ಟಳು. ಅವರು ಅರ್ಧ ಕಪ್ಪು ಕುಡಿದ ಮೇಲೆ, ತಮ್ಮ ಬೆನ್ನ ಹಿಂದೆ ಮೂರಡಿ ದೂರದಲ್ಲೇ ಇಲಿಗಳಿವೆ ಎಂಬುದು ಅವರಿಗೆ ತಿಳಿದದ್ದು. ವಾಸನೆ ಇರಲಿಲ್ಲ. ದೂರು ಅಲ್ಲಿಗೇ ಮುಗಿಯಿತು.

ಒಂದೂವರೆ ವರ್ಷ ಹೀಗೆ ಕಳೆಯಿತು. ಒಂದು ರಾತ್ರಿ ಅವ್ವ ನನ್ನನ್ನು ಎಬ್ಬಿಸಿದಳು. ಹಾಲ್‌ನಲ್ಲಿ ಮಲಗುವವಳು ಅವಳೇ. ‘ಸಜ್ಜಿ ಉಸುರು ಸರಿ ಇಲ್ಲ’ ಎಂದಳು. ನಾನು ಕಿವಿ ಇಟ್ಟೆ, ಏನೂ ಕೇಳಲಿಲ್ಲ. ‘ನಿನಗ ಕೇಳಂಗಿಲ್ಲ. ಈ ಸಪ್ಪಳ ನನಗ ಗೊತ್ತೈತಿ. ನಿಮ್ಮಪ್ಪನ ಎದಿಯಾಗ ಹತ್ತು ವರ್ಷ ಇದ ಸಪ್ಪಳ ಕೇಳೀನಿ.’ ಅಪ್ಪನಿಗೆ ದಮ್ಮು ಇತ್ತು. ಬೆಳಿಗ್ಗೆ ನೋಡಿದರೆ ಸಜ್ಜಿಯ ಮೂಗಿನ ಸುತ್ತ ಕೆಂಪು. ರಕ್ತವಲ್ಲ ಅದು, ಕಣ್ಣಿನ ಹಿಂದಿನ ಗ್ರಂಥಿಯಿಂದ ಇಳಿಯುವ ಕೆಂಪು ದ್ರವ. ಇಲಿಗೆ ಹುಷಾರಿಲ್ಲದಾಗ ಹಾಗೆ ಕಾಣುತ್ತದೆ. ಇಲಿ ನೋಡುವ ಡಾಕ್ಟರರು ಸಿಗುವುದು ಕಷ್ಟ. ಸಿಕ್ಕವರು ಎದೆಗೆ ಸ್ಟೆಥಾಸ್ಕೋಪಿಟ್ಟು, ಬೇಗ ತಂದಿರಿ ಎಂದರು. ಡಾಕ್ಸಿಸೈಕ್ಲಿನ್ ಹನಿಗಳನ್ನು ಅವ್ವ ಜೋಳದ ರೊಟ್ಟಿಯ ಚೂರಿಗೆ ಹಚ್ಚಿ ಎರಡು ಹೊತ್ತು ತಿನ್ನಿಸಿದಳು. ಸಜ್ಜಿ ಅದಾದ ಮೇಲೆ ಐದು ತಿಂಗಳು ಚೆನ್ನಾಗಿಯೇ ಇದ್ದ. ಎರಡೂವರೆ ವರ್ಷದ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಧೋತರದ ಕೌದಿಯಲ್ಲಿ ಮಲಗಿದವನು ಏಳಲಿಲ್ಲ.

ಜ್ವಾಳ ಒಬ್ಬನೇ ಉಳಿದ. ಮೂರು ದಿನ ಬುಟ್ಟಿಯಿಂದ ಇಳಿಯಲಿಲ್ಲ. ನಾನೂ ಹೆಂಡತಿಯೂ ಮಾತಾಡಿಕೊಂಡದ್ದು ಬೇರೆ. ಇವನಿಗೂ ವಯಸ್ಸಾಗಿದೆ, ಇವನ ನಂತರ ನಿಲ್ಲಿಸೋಣ, ಮಗಳಿಗೆ ಓದು ಹೆಚ್ಚಾಗುತ್ತಿದೆ, ಹಾಲ್‌ನಲ್ಲಿ ಅವ್ವನಿಗೂ ಜಾಗವಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ಇದನ್ನು ಹೇಳಿದೆವು. ಅವ್ವ ತಾಟಿನಿಂದ ತಲೆ ಎತ್ತಲಿಲ್ಲ.

‘ಒಂದ ಜೀವ ಮನ್ಯಾಗ ಹ್ಯಾಂಗ ಇರ್ತೈತಿ ಅನ್ನೂದು ನಿಮಗ ಗೊತ್ತಿಲ್ಲ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಜೋಡಿ ತರ್ರಿ’ ಎಂದಳು.

ಒಂದಲ್ಲ, ಜೋಡಿ. ಜ್ವಾಳ ಹೋದ ಮೇಲೂ ಯಾವುದೂ ಒಂಟಿಯಾಗಬಾರದೆಂಬ ಲೆಕ್ಕ. ಖಾರಘರದ ಒಬ್ಬ ಕಾಲೇಜು ಹುಡುಗಿಯ ಮನೆಯಲ್ಲಿ ಮರಿಗಳಿದ್ದವು, ಎರಡು ಗಂಡು ತಂದೆವು. ಮೊದಲು ಹಾಸಿಗೆಯ ಮೇಲೆ, ಯಾರದ್ದೂ ಅಲ್ಲದ ಜಾಗದಲ್ಲಿ, ದಿನಕ್ಕೊಂದಿಷ್ಟು ಹೊತ್ತು ಪರಿಚಯ ಮಾಡಿಸಿದೆವು. ಪಂಜರಕ್ಕೆ ಬಿಡುವ ದಿನ ಮಾತ್ರ ನಿಯಮ ತಿರುವುಮುರುವು. ಅವತ್ತು ಹಳಬನ ವಾಸನೆ ಎಲ್ಲೂ ಇರಬಾರದು. ಇದ್ದರೆ ಅವನು ಮನೆ ತನ್ನದೆಂದು ಮರಿಗಳ ಮೇಲೆ ಏರಿ ಹೋಗುತ್ತಾನೆ. ಜಾಲರಿ, ಬುಟ್ಟಿ, ಟ್ರೇ, ಕಲ್ಲು, ಎಲ್ಲ ಕೌದಿ, ಎಲ್ಲವನ್ನೂ ತೊಳೆದು, ಮೂವರಿಗೂ ಒಂದೇ ಸಮ ಹೊಸದಾಗಿ ಕೊಡಬೇಕು.

ಭಾನುವಾರ ಬೆಳಿಗ್ಗೆ ಮಗಳು ಬುಟ್ಟಿಗಳನ್ನು, ನಾನು ಜಾಲರಿಯನ್ನು, ಹೆಂಡತಿ ಟ್ರೇಗಳನ್ನು ಹಿಡಿದೆವು. ಕರಾರಿನಲ್ಲಿ ಇಲ್ಲದಿದ್ದರೂ ಅವ್ವ ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೌದಿಗಳನ್ನು ಬಕೆಟ್ಟಿನಲ್ಲಿ ತಾನೇ ಕುಕ್ಕಿದಳು, ಧೋತರದ ಕೌದಿಯನ್ನು ಕೊನೆಗೆ. ಬಾಲ್ಕನಿಯ ಹಗ್ಗದ ಮೇಲೆ ಎಲ್ಲವನ್ನೂ ಮಗಳ ಕೈಯಲ್ಲಿ ಹರವಿಸಿ, ಕ್ಲಿಪ್ಪು ಹಾಕಿಸಿ, ಒಣಗುವ ತನಕ ಅಲ್ಲೇ ಕೂತಿದ್ದಳು. ಕೆಳಗೆ ಹೆದ್ದಾರಿಯ ಕಡೆಗೆ ಟ್ರಕ್ಕುಗಳು ಹೋಗುತ್ತಿದ್ದವು. ನಡುವೆ ಒಂದು ಸಲ ಮಗಳನ್ನು ಕರೆದು, ಮರಿಗಳಲ್ಲಿ ಕೆಂಪಗಿರುವುದಕ್ಕೆ ರಾಗಿ ಎಂದೂ ಇನ್ನೊಂದಕ್ಕೆ ನವಣಿ ಎಂದೂ ಕರೆಯಬೇಕೆಂದು ಹೇಳಿದಳು.